ಬೋರ್ಡಿನ ಹಿಂದೆ

“ಕಣ್ಣು ಎಲ್ಲಿಟ್ಕೊಂಡು ಓಡಿಸ್ತೀಯೇ ನೀನು?”

ಅಮ್ಮ ಟೈಲರಿಂಗ್ ಅಂಗಡಿಯಿಂದ ಓಡಿ ಬಂದಿದ್ದಳು. ಅಳತೆ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ಸರ್ಕಲ್ಲಿನ ತಿರುವಿನಲ್ಲಿ ಬಸ್ಸು ಅಡ್ಡಡ್ಡವಾಗಿ ನಿಂತಿತ್ತು. ಅದರ ಮುಂದಿನ ಚಕ್ರಕ್ಕೂ ಚೂಟಿಯ ತಮ್ಮನ ಶೂಗೂ ನಡುವೆ ಒಂದು ಗೇಣು ಜಾಗ ಅಷ್ಟೆ.

ತಮ್ಮ ಯಾವಾಗಲೂ ಅಕ್ಕನ ಹಿಂದೆಯೇ ಇರುತ್ತಾನೆಂದು ಅವನಿಗೆ ‘ಬಾಲ’ ಅಂತಲೇ ಹೆಸರು ಬಿದ್ದಿತ್ತು. ಇವತ್ತು ಮಾತ್ರ ಬಾಲ ಮುಂದೆ ಹೋಗಿತ್ತು. ಚೂಟಿ ಅವನ ಬ್ಯಾಗು ಹಿಡಿದು ಎಳೆಯುವಷ್ಟರಲ್ಲಿ ಬ್ರೇಕು ಕಿರುಚಿತ್ತು.

ಡ್ರೈವರ್ ಸೀಟಿನಿಂದ ಇಳಿದವಳು ಬೇರೆ ಯಾರೂ ಅಲ್ಲ, ಚಿಕ್ಕಮ್ಮ.

“ಕಾಣ್ಲೇ ಇಲ್ಲ ಅಕ್ಕಾ. ಆ ನಿಮ್ಮ ಬೋರ್ಡು ಅಡ್ಡ...”

“ಬೋರ್ಡಾ? ಕುಣಿಯೋಕೆ ಬರ್ದೇ ಇದ್ದೋಳು ನೆಲ ಡೊಂಕು ಅಂದ್ಲಂತೆ!”

ಸುತ್ತ ಜನ ಸೇರಿದರು. “ಹೆಂಗಸ್ರ ಕೈಗೆ ಬಸ್ ಕೊಟ್ರೆ ಹಿಂಗೇ,” ಅಂದ ಒಬ್ಬ.

ಅಮ್ಮ ಗಿರ್ರನೆ ಅವನ ಕಡೆ ತಿರುಗಿದಳು. “ನಿನ್ನ ದಾರಿ ನೀನು ನೋಡ್ಕೊಳಪ್ಪಾ. ನನ್ನ ತಂಗೀನ ಬಯ್ಯೋಕೆ ನಾನಿದ್ದೀನಿ.”

ಆದರೆ ಅಂದಿನಿಂದ ತಂಗಿಯ ಜೊತೆ ಅಮ್ಮನ ಮಾತು ನಿಂತುಹೋಯಿತು. ಚೂಟಿಗೂ ಚಿಕ್ಕಮ್ಮನ ಮೇಲೆ ಸಿಟ್ಟೇ ಇತ್ತು. ತಪ್ಪು ಮಾಡಿ ಬೋರ್ಡಿನ ಮೇಲೆ ಹಾಕುವುದೇ? ಅದೂ ತನ್ನ ಬೋರ್ಡಿನ ಮೇಲೆ!

ಅಮ್ಮನ ಅಂಗಡಿ ಓಣಿಯ ಒಳಗಿತ್ತು. ಅಲ್ಲೊಂದು ಅಂಗಡಿ ಇದೆಯೆಂದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಸರ್ಕಲ್ಲಿನ ಮೂಲೆಯಲ್ಲಿ, ಜೀಬ್ರಾ ಪಟ್ಟೆ ಶುರುವಾಗುವಲ್ಲಿ, ಒಂದು ಅಗಲವಾದ ಬೋರ್ಡು ನಿಲ್ಲಿಸಿದ್ದರು. ಅದರ ಮೇಲಿನ ಗುಲಾಬಿ ಫ್ರಾಕಿನ ಚಿತ್ರ ಬರೆದವಳು ಚೂಟಿ. ಒಂದೊಂದು ನೆರಿಗೆಯನ್ನೂ ಉಸಿರು ಬಿಗಿಹಿಡಿದು ಬರೆದಿದ್ದಳು. ಬೋರ್ಡು ಬಂದ ಮೇಲೆ ಗಿರಾಕಿಗಳೂ ಬಂದರು. “ಫ್ರಾಕ್ ನೋಡಿ ಬಂದ್ವಿ” ಅಂತ ಯಾರಾದರೂ ಅಂದರೆ ಚೂಟಿ ಬಾಗಿಲ ಹಿಂದೆ ಅವಿತು ನಗುತ್ತಿದ್ದಳು.

ಭಾನುವಾರ ಅಮ್ಮ ಒಂದು ಪೊಟ್ಟಣ ಕೊಟ್ಟಳು. ಚಿಕ್ಕಮ್ಮನ ಯೂನಿಫಾರ್ಮ್ ಶರ್ಟು. ಮಾತು ಬಿಟ್ಟಿದ್ದರೂ ಹೊಲಿಗೆ ಬಿಟ್ಟಿರಲಿಲ್ಲ.

“ಬಸ್ ಸ್ಟ್ಯಾಂಡಲ್ಲಿ ಇರ್ತಾಳೆ, ಕೊಟ್ಟು ಬಾ. ನಾನು ಕೊಟ್ಟೆ ಅನ್ಬೇಡ.”

“ಮತ್ತೆ ಯಾರು ಕೊಟ್ರು ಅನ್ಲಿ, ಮಿಷಿನ್ನಾ?”

“ಬಾಯಿ ಜಾಸ್ತಿ ಆಯ್ತು ನಿಂದು. ನಡಿ.”

ಚಿಕ್ಕಮ್ಮ ಪೊಟ್ಟಣ ಬಿಚ್ಚಿ ಕಾಲರ್ ಮುಟ್ಟಿ ನೋಡಿದಳು. “ಹತ್ತು, ಸರ್ಕಲ್ ದಾಟಿ ಇಳಿಸ್ತೀನಿ,” ಅಂದಳು.

ಚೂಟಿ ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ ಕೂತಳು. ಅಷ್ಟು ಎತ್ತರದಿಂದ ರಸ್ತೆಯೇ ಬೇರೆ ಥರ ಕಂಡಿತು. ತಿರುವು ಹತ್ತಿರ ಬಂದಾಗ ಮೂಲೆಯಲ್ಲಿ ಗುಲಾಬಿ ಫ್ರಾಕು ಬಿಸಿಲಿಗೆ ಮಿಂಚುತ್ತಿತ್ತು. ಬೋರ್ಡಿನ ಹಿಂದಿನಿಂದ ಯಾರೋ ಇಬ್ಬರು ದೊಡ್ಡವರ ತಲೆ ಮಾತ್ರ ಮೇಲೆ ಕಾಣುತ್ತಿತ್ತು. ‘ನನ್ನ ಫ್ರಾಕು ಎಷ್ಟು ಚೆನ್ನಾಗಿ ಕಾಣುತ್ತೆ!’ ಅಂದುಕೊಂಡಳು.

ಚಿಕ್ಕಮ್ಮ ಬಸ್ಸನ್ನು ಇನ್ನೇನು ನಿಂತೇಬಿಟ್ಟಿತು ಅನ್ನುವಷ್ಟು ನಿಧಾನ ಮಾಡಿದಳು. ಹಾರ್ನ್ ಹೊಡೆದಳು. ಆಗ ಫ್ರಾಕಿನ ಅಂಚಿನಿಂದ ಒಬ್ಬ ಪುಟ್ಟ ಹುಡುಗಿ ಹೊರಗೆ ಬಂದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಒಬ್ಬ ಹುಡುಗ.

ಇವರೆಲ್ಲ ಇಷ್ಟು ಹೊತ್ತು ಅಲ್ಲೇ ಇದ್ದರೇ?

ಚೂಟಿ ಗಾಜಿಗೆ ಮುಖ ಒತ್ತಿ ಬೋರ್ಡನ್ನೇ ನೋಡಿದಳು.

“ಚಿಕ್ಕಮ್ಮಾ, ನೀನು ಅವತ್ತು ನಿಜಾನೇ ಹೇಳಿದ್ದೆ.”

“ಹೂಂ. ಆದ್ರೂ ಇಲ್ಲಿ ಬಂದ್ರೆ ಕಾಲು ತಾನಾಗೇ ಬ್ರೇಕಿಗೆ ಹೋಗುತ್ತೆ ನೋಡು. ನಿಮ್ಮಮ್ಮ ಬೈದ್ಲು ಅಂತಲ್ಲ.”

“ಇನ್ನೊಂದ್ಸಲ ಹೇಳು ಅಮ್ಮಂಗೆ.”

“ನಾನು ಹೇಳಿದ್ರೆ ಅದು ನೆಪ ಆಗುತ್ತೆ, ಮರಿ.”

ಮನೆಗೆ ಬಂದ ಚೂಟಿ ಏನೂ ಹೇಳಲಿಲ್ಲ. ಬೋರ್ಡು ತೆಗೆದರೆ ಗಿರಾಕಿಗಳು ಬರುವುದಿಲ್ಲ. ಫ್ರಾಕನ್ನೂ ಯಾರೂ ನೋಡುವುದಿಲ್ಲ. ರಾತ್ರಿ ಊಟದಲ್ಲೂ ಅವಳು ತಟ್ಟೆಯನ್ನೇ ನೋಡುತ್ತಿದ್ದಳು.

ಬೆಳಗ್ಗೆ ಬಾಲ ಶೂ ಹಾಕಿಕೊಂಡು ಕೈ ಚಾಚಿದ. “ಬಾರೇ ಅಕ್ಕಾ, ಲೇಟಾಯ್ತು.”

ಅವಳು ಆ ಕೈ ಹಿಡಿದಳು. ಹೆಜ್ಜೆ ಮಾತ್ರ ಮುಂದೆ ಹೋಗಲಿಲ್ಲ.

“ಅಮ್ಮಾ, ಒಂದು ನಿಮಿಷ ಬಾ ನಮ್ಜೊತೆ.”

“ಕೈ ತುಂಬಾ ಕೆಲಸ ಇದೆ ಕಣೇ.”

“ಒಂದೇ ನಿಮಿಷ. ಪ್ಲೀಸ್.”

ರಸ್ತೆಯ ಆಚೆ ಬದಿಯಲ್ಲಿ, ಬಸ್ಸುಗಳು ಬರುವ ಕಡೆ, ಒಂದು ಬ್ಯಾಂಕು ಇತ್ತು. ಅದರ ಮೆಟ್ಟಿಲುಗಳನ್ನು ತೋರಿಸಿ ಚೂಟಿ ಹೇಳಿದಳು: “ಮೇಲಿನ ಮೆಟ್ಟಿಲ ಮೇಲೆ ನಿಂತ್ಕೊ. ಬಸ್ ಡ್ರೈವರು ಅಷ್ಟು ಎತ್ತರದಲ್ಲಿ ಕೂತಿರ್ತಾರೆ. ನಾವಿಬ್ರೂ ದಿನಾ ನಿಲ್ಲೋ ಜಾಗದಲ್ಲಿ ನಿಲ್ತೀವಿ. ಕಂಡ್ರೆ ಕೂಗು.”

“ಬೆಳಬೆಳಗ್ಗೇನೇ ಕಣ್ಣಾಮುಚ್ಚಾಲೆನಾ?” ಅಮ್ಮ ಗೊಣಗುತ್ತಲೇ ರಸ್ತೆ ದಾಟಿ ಮೆಟ್ಟಿಲು ಹತ್ತಿದಳು.

ಚೂಟಿ ಬಾಲನ ಕೈ ಬಿಗಿಯಾಗಿ ಹಿಡಿದು ನಿಂತಳು. ಎದುರಿಗೆ ಬೋರ್ಡಿನ ಬಣ್ಣವಿಲ್ಲದ ಬೆನ್ನು. ಅಮ್ಮ ಕೂಗಲಿಲ್ಲ. ಬಹಳ ಹೊತ್ತು ಕೂಗಲಿಲ್ಲ.

“ಚೂಟೀ, ಎಲ್ಲಿಗೆ ಹೋದ್ರೇ?”

“ಇಲ್ಲೇ ಇದ್ದೀವಿ!”

“ಎಲ್ಲಿ? ಬಾಲ ಎಲ್ಲಿ?”

“ಇಲ್ಲೇ ಅಮ್ಮಾ! ಕೈ ಆಡಿಸ್ತಿದ್ದೀನಲ್ಲಾ!” ಬಾಲ ಕುಣಿದಾಡಿದ.

“ಏ, ಎಲ್ರೇ ಇದ್ದೀರಾ?”

ಮೂರನೇ ಸಲ ಕೂಗಿದಾಗ ಅದು ಅಮ್ಮನ ದನಿಯಂತೆಯೇ ಇರಲಿಲ್ಲ.

ವಾಹನಗಳು ನಿಂತ ಮೇಲೆ ಅವಳು ದಾಟಿ ಬಂದಳು. ಇಬ್ಬರ ತಲೆಯನ್ನೂ ಒಮ್ಮೆ ಮುಟ್ಟಿದಳು. ಆಮೇಲೆ ಬೋರ್ಡಿನ ಒಂದು ಬದಿ ಹಿಡಿದಳು.

“ಆ ಕಡೆ ಎತ್ತು.”

“ಗಿರಾಕಿಗಳು, ಅಮ್ಮಾ?”

“ಹುಡುಕ್ಕೊಂಡು ಬರ್ಲಿ.”

“ಬರ್ದೇ ಹೋದ್ರೆ?”

ಅಮ್ಮ ಆಗಲೇ ತನ್ನ ಬದಿ ಎತ್ತಿದ್ದಳು. ಭಾರವಾಗಿದ್ದ ಬೋರ್ಡನ್ನು ದಾರಿಯಲ್ಲಿ ಎರಡು ಕಡೆ ಇಳಿಸಿ, ಮತ್ತೆ ಎತ್ತಿ, ಓಣಿಯ ಗೋಡೆಗೆ ಒರಗಿಸಿದರು. ಅಲ್ಲಿ ನೆರಳಿತ್ತು. ಗುಲಾಬಿ ಬಣ್ಣ ಮಂಕಾಗಿ ಕಂಡಿತು. ಚೂಟಿ ಅದನ್ನು ಒಂದು ಕ್ಷಣ ನೋಡಿ ಮೂಲೆಗೆ ವಾಪಸು ಬಂದಳು. ಅಮ್ಮನೂ ಬಂದು ಪಕ್ಕದಲ್ಲಿ ನಿಂತಳು.

“ನಿಮ್ಮ ಚಿಕ್ಕಮ್ಮ ಬರೋ ಹೊತ್ತಲ್ವಾ ಇದು?” ಅಂದಳು, ಎಲ್ಲೋ ನೋಡುತ್ತಾ.

ಇಷ್ಟು ದಿನ ಈ ಮೂಲೆಯಲ್ಲಿ ನಿಂತರೆ ಮೊದಲು ಬಸ್ಸಿನ ಸದ್ದು ಕೇಳುತ್ತಿತ್ತು, ಆಮೇಲೆ ಒಮ್ಮೆಲೇ ಚಕ್ರ ಕಾಣುತ್ತಿತ್ತು. ಇವತ್ತು ಬಸ್ಸು ದೂರದಿಂದಲೇ ಕಂಡಿತು. ಹತ್ತಿರ ಬಂದಂತೆ ಗಾಜಿನ ಒಳಗೊಂದು ಮುಖವೂ ಕಂಡಿತು.

ಆ ಮುಖ ಬಾಲನನ್ನು ನೋಡಿತು. ಚೂಟಿಯನ್ನು ನೋಡಿತು. ಆಮೇಲೆ ಅಮ್ಮನನ್ನು ನೋಡಿತು, ನೋಟ ಅಲ್ಲೇ ನಿಂತಿತು.

ಪಟ್ಟೆಗಿಂತ ಹಿಂದೆಯೇ ಬಸ್ಸು ನಿಂತಿತು. ಬಾಲ ಓಡಲು ಕಾಲೆತ್ತಿದ. ಚೂಟಿ ಬಿಡಲಿಲ್ಲ. ಅವಳು ಚಿಕ್ಕಮ್ಮನ ಕಣ್ಣನ್ನೇ ನೋಡುತ್ತಿದ್ದಳು. ಚಿಕ್ಕಮ್ಮ ಮೆಲ್ಲಗೆ ತಲೆಯಾಡಿಸಿದಳು.

ಆಗ ಚೂಟಿ ಮೊದಲ ಬಿಳಿ ಪಟ್ಟೆಯ ಮೇಲೆ ಕಾಲಿಟ್ಟಳು.