ಮೂರು ಸಾವಿರ ಲೀಟರ್ ನೀರು ಎಲ್ಲಿ ಹೋಯಿತು?

ಡ್ರೈವರ್ ಇಮಾನಾಲಿ ಬುರುಲ್ಚಾ ಅಕ್ಕನ ಬಾಗಿಲು ತಟ್ಟಿದಾಗ ಅವನ ಮೀಸೆಯಲ್ಲಿ ಮಂಜು ಹೆಪ್ಪುಗಟ್ಟಿತ್ತು. ಅಕ್ಕ ನಮ್ಮ ಸಾರಿಜಾರ್ ಊರಿನ ಹವಾಮಾನ ಕೇಂದ್ರದಲ್ಲಿ ದುಡಿದು ನಿವೃತ್ತಳಾದವಳು. ಊರಿನಲ್ಲಿ ಕುರಿ ಕಳೆಯಲಿ, ಉಂಗುರ ಕಳೆಯಲಿ, ಜನ ಪೊಲೀಸರಿಗಿಂತ ಮೊದಲು ಅವಳಲ್ಲಿಗೆ ಬರುತ್ತಿದ್ದರು. ಪಕ್ಕದ ಮನೆಯ ಗಡಿಯಾರ ರಿಪೇರಿಯವನಾದ ನಾನು, ಕುಬಾತ್, ಅವಳ ಚಹಾಕ್ಕೂ ತನಿಖೆಗೂ ಖಾಯಂ ಗಿರಾಕಿ.

"ಅಕ್ಕಾ, ಸೋಮವಾರ ನನ್ನ ಕೆಲಸ ಹೋಗತ್ತೆ. ಇಪ್ಪತ್ತಾರು ವರ್ಷ ಆ ಗಾಡಿ ಓಡಿಸಿದೀನಿ. ನಲ್ಲಿ ಮುಚ್ಚೋದು ಮರೆಯೋ ಮನುಷ್ಯನಾ ನಾನು?"

ನಡೆದದ್ದು ಊರಿಗೆಲ್ಲ ಗೊತ್ತಿತ್ತು. ಹಳೆಯ ಫೈರ್ ಇಂಜಿನ್ ಬದಲಿಸಬೇಕೋ ಬೇಡವೋ ಎಂದು ನಗರಸಭೆ ಮೂರು ವರ್ಷದಿಂದ ಜಗ್ಗಾಡುತ್ತಿತ್ತು. ಬಜಾರಿನ ಚೌಕದಲ್ಲಿ ಪರೀಕ್ಷಿಸೋಣ, ನೀರು ಚಿಮ್ಮಿದರೆ ಹಳೆಯದೇ ಸಾಕು ಎಂದ ಅಧ್ಯಕ್ಷ ಶಾಮ್ಶಿ. ಪರೀಕ್ಷೆಯ ದಿನ ಬೆಳಗ್ಗೆ ಪೈಪಿನಿಂದ ಒಂದು ತೊಟ್ಟೂ ಬರಲಿಲ್ಲ. ಟ್ಯಾಂಕು ಖಾಲಿ! ಹಿಂದಿನ ದಿನ ಇಮಾನಾಲಿ ಅದನ್ನು ತುಂಬಿಸಿದ್ದನ್ನು ಅರ್ಧ ಬಜಾರು ಕಂಡಿತ್ತು. ಮಧ್ಯಾಹ್ನ ಅವನು ತಂಗಿಯ ಮಗಳ ಮದುವೆಗೆ ಪಕ್ಕದ ಊರಿಗೆ ಹೋಗಿದ್ದ. ಮದುವೆಯ ಗಡಿಬಿಡಿಯಲ್ಲಿ ಕೆಳಗಿನ ನಲ್ಲಿ ಮುಚ್ಚಿಲ್ಲ, ನೀರೆಲ್ಲ ಸೋರಿದೆ, ಗಾಡಿ ನೆಟ್ಟಗಿದೆ, ಮನುಷ್ಯ ನೆಟ್ಟಗಿಲ್ಲ ಎಂದು ಶಾಮ್ಶಿ ತೀರ್ಪು ಕೊಟ್ಟಿದ್ದ.

ನಾವು ಫೈರ್ ಇಂಜಿನ್ ನಿಲ್ಲಿಸುವ ಶೆಡ್ಡಿಗೆ ಹೋದೆವು. ಬೀಗದ ಕೈ ಒಂದು ಅಗ್ನಿಶಾಮಕ ಠಾಣಾಧಿಕಾರಿ ಸೋದೊನ್‌ಬೆಕನ ಬಳಿ ಇರುತ್ತಿತ್ತು. ಇನ್ನೊಂದನ್ನು ಇಮಾನಾಲಿ ಬಾಗಿಲ ಪಕ್ಕದ ಗೂಟಕ್ಕೇ ನೇತುಹಾಕುತ್ತಿದ್ದ. ಅಂದರೆ ಊರಲ್ಲಿ ಯಾರನ್ನು ಬೇಕಾದರೂ ಅನುಮಾನಿಸಬಹುದಿತ್ತು. ಶೆಡ್ಡಿನ ನೆಲ ಅಂಗಳಕ್ಕೆ ಇಳಿಜಾರು, ಬೇರೆ ಚರಂಡಿ ಇಲ್ಲ. ಅಂಗಳದಲ್ಲಿ ಬರೀ ಧೂಳು. ಹಿಂದುಗಡೆ ನೇತುಹಾಕಿದ್ದ ಪೈಪುಗಳಲ್ಲಿ ಒಂದನ್ನು ಅಕ್ಕ ಬೆರಳಿನಿಂದ ಬಡಿದಳು. ಅದು ಕೊರಡಿನಂತೆ ಸೆಟೆದಿತ್ತು.

ಅಲ್ಲಿಂದ ಅವಳು ಹೋದದ್ದು ಶಾಲೆಯ ಮೈದಾನಕ್ಕೆ, ಮಕ್ಕಳು ಜಾರುವ ಮಂಜುಗಡ್ಡೆಯ ಅಂಕಣಕ್ಕೆ. ಅದು ಕನ್ನಡಿಯಂತೆ ನುಣುಪಾಗಿತ್ತು. ಕಾಲಿಟ್ಟವನೇ ಅಂಗಾತ ಬಿದ್ದೆ. ಮುಖ್ಯೋಪಾಧ್ಯಾಯಿನಿ ಜೂರಾಕಾನ್ ನಗರಸಭೆಯ ಸದಸ್ಯೆ; ಗಾಡಿ ಬೇಡ, ಶಾಲೆಗೆ ಹೊಸ ಬಾಯ್ಲರ್ ಬೇಕು ಎನ್ನುವವಳು. ಇವಳದೇ ಕೆಲಸ ಎಂದು ನಾನು ಬಿದ್ದಲ್ಲಿಂದಲೇ ಪಿಸುಗುಟ್ಟಿದೆ.

"ಮೊದಲು ಎದ್ದೇಳು ಮಾರಾಯ," ಎಂದಳು ಅಕ್ಕ.

ಸೋಮವಾರ ಎಲ್ಲರೂ ನಗರಸಭೆಯಲ್ಲಿ ಸೇರಿದರು. ಇಮಾನಾಲಿ ಟೋಪಿ ಹಿಂಡುತ್ತ ಮೂಲೆಯಲ್ಲಿ ನಿಂತಿದ್ದ.

"ವಾರದಿಂದ ಮೈನಸ್ ಹದಿನೆಂಟು," ಎಂದು ಅಕ್ಕ ಶುರುಮಾಡಿದಳು. "ಈ ಚಳೀಲಿ ನೀರು ಸೋರಿದ್ರೆ ಅಂಗಳದ ತುಂಬ ಗಡ್ಡೆ ಕಟ್ಟಿರ್ಬೇಕಿತ್ತು. ಒಂದು ಚೂರೂ ಇಲ್ಲ. ಪರೀಕ್ಷೇಲಿ ನೀರೇ ಬರ್ಲಿಲ್ಲ, ಆದ್ರೆ ಒಂದು ಪೈಪು ಒಳಗೆಲ್ಲ ಹೆಪ್ಪುಗಟ್ಟಿದೆ. ಅಂದ್ರೆ ಹಿಂದಿನ ದಿನಾನೇ ಅದ್ರಲ್ಲಿ ನೀರು ಹರಿದಿದೆ. ಅಷ್ಟು ಗಡ್ಡೆ ಬಚ್ಚಿಡೋಕೆ ಊರಲ್ಲಿ ಒಂದೇ ಜಾಗ, ಮೊದಲೇ ಗಡ್ಡೆ ಇರೋ ಜಾಗ. ಜೂರಾಕಾನ್, ಅವತ್ತು ಅಂಕಣಕ್ಕೆ ನೀರು ಹಾಕಿದ್ದು ಯಾರು?"

"ಸೋದೊನ್‌ಬೆಕ್ ಅಣ್ಣ. ಸಂಜೆ ನಾಲ್ಕಕ್ಕೆ ಬಂದ್ರು, ಚಹಾನೂ ಕೊಟ್ಟೆ."

"ಮೊದಲೇ ಯಾಕೆ ಹೇಳ್ಲಿಲ್ಲ?" ಎಂದು ಶಾಮ್ಶಿ ಗುಡುಗಿದ.

"ಏನಾದ್ರೂ ವಿಚಿತ್ರ ನೋಡಿದ್ರಾ ಅಂತ ತಾನೇ ನೀವು ಕೇಳಿದ್ದು? ಗಾಡಿ ಪ್ರತಿ ಚಳಿಗಾಲ ಬಂದು ನೀರು ಹಾಕತ್ತೆ. ಅದ್ರಲ್ಲಿ ವಿಚಿತ್ರ ಏನಿದೆ?"

"ಹಾಕೋದು ಡ್ರೈವರು," ಎಂದಳು ಅಕ್ಕ ಮೆತ್ತಗೆ. "ಅಧಿಕಾರಿಯೇ ಪೈಪು ಹಿಡಿದದ್ದು, ಅದೂ ಪರೀಕ್ಷೆಯ ಹಿಂದಿನ ದಿನ. ವಾಪಸ್ ಬಂದು ತುಂಬಿಸ್ಲೂ ಇಲ್ಲ. ಯಾಕೆ, ಸೋದೊನ್‌ಬೆಕ್?"

ಅವನು ಎದ್ದು ನಿಂತ. "ಹೋದ ವರ್ಷ ಮೇಲಿನ ಬೀದೀಲಿ ಕಾಲಿಚಾ ಅಜ್ಜಿ ಮನೆ ನನ್ನ ಕಣ್ಣೆದುರಿಗೇ ಸುಟ್ಟುಹೋಯ್ತು. ತುಂಬಿದ ಗಾಡಿ ಆ ಏರು ಹತ್ತಲ್ಲ. ರಸ್ತೆ ಜಾರ್ತಿತ್ತು ಅಂತ ವರದಿ ಬರೆದು ನೀವು ಕೈತೊಳ್ಕೊಂಡ್ರಿ. ಚೌಕದಲ್ಲಿ, ಸಮನೆಲದಲ್ಲಿ, ಅದು ಪಾಸಾಗ್ತಿತ್ತು. ಟ್ಯಾಂಕೇ ತೂತು ಅಂದ್ಕೊಳ್ಳಲಿ ಅಂತ ಮಾಡಿದೆ. ಇಮಾನಾಲಿ ತಲೆಗೆ ಬಂದಾಗ ಬಾಯಿ ಬಿಡ್ಲಿಲ್ಲ. ಅದು ನನ್ನ ಹೇಡಿತನ. ತಪ್ಪಾಯ್ತು, ತಮ್ಮಾ."

ಇಮಾನಾಲಿ ಟೋಪಿಯನ್ನು ತಲೆಗೇರಿಸಿದ. "ಪೈಪನ್ನಾದ್ರೂ ನೀರು ಬಸಿದು ಒಣಹಾಕ್ಬೇಕಿತ್ತು ಅಣ್ಣ. ಇಷ್ಟು ವರ್ಷ ಏನು ಕಲಿಸಿದೆ ನಿಂಗೆ?"

ಶಿಕ್ಷೆಯ ಮಾತು ಆಮೇಲೆ ಆಡಿಕೊಳ್ಳಿ, ಮೊದಲು ಟ್ಯಾಂಕು ತುಂಬಿಸಿ ಮೇಲಿನ ಬೀದಿಗೆ ಬನ್ನಿ ಎಂದಳು ಅಕ್ಕ. ಇಮಾನಾಲಿಯೇ ಓಡಿಸಿದ, ನಾವೆಲ್ಲ ಹಿಂದೆ ನಡೆದೆವು. ಅಂದು ರಸ್ತೆ ಒಣಗಿತ್ತು. ಆದರೂ ಹಳೆಯ ಗಿರಣಿಯ ತಿರುವಿನಲ್ಲಿ ಇಂಜಿನ್ ಕೆಮ್ಮಿ ನಿಂತಿತು. ಗಾಡಿ ಹಿಂದಕ್ಕೆ ಜಾರತೊಡಗಿದಾಗ, ಚಕ್ರಕ್ಕೆ ಕಲ್ಲು ಕೊಡಿ ಎಂದು ಇಮಾನಾಲಿ ಕೂಗಿದ.

ಸುಟ್ಟ ಗೋಡೆಗೆ ಆತುಕೊಂಡ ತಗಡಿನ ಗುಡಿಸಲಿನಿಂದ ಕಾಲಿಚಾ ಅಜ್ಜಿ ಹೊರಬಂದಳು.

"ಹೋದ ವರ್ಷ ಇಟ್ಟ ಕಲ್ಲು ಅಲ್ಲೇ ರಸ್ತೆ ಪಕ್ಕ ಇವೆ ನೋಡಪ್ಪ," ಎಂದಳು ಶಾಮ್ಶಿಗೆ.

ಅಧ್ಯಕ್ಷ ಬಗ್ಗಿ ಆ ಕಲ್ಲುಗಳನ್ನೇ ಎತ್ತಿ ಚಕ್ರಕ್ಕೆ ಒತ್ತಿದ. ಹೊಸ ಗಾಡಿ ತರಿಸೋಣ ಎಂದು ಮೊದಲು ಕೈ ಎತ್ತಿದವಳು ಬಾಯ್ಲರ್ ಕೇಳಿದ್ದ ಜೂರಾಕಾನ್. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಎತ್ತಿದರು.