ಕುರ್ಡಿಯ ಅತಿವಿಷ

"ಮೇಡಂ, ನಮ್ಮವ್ವನ್ನ ಬಿಡಿಸ್ರಿ. ನಮ್ಮ ಭಾವಗ ವಿಷ ಹಾಕ್ಯಾಳಂತ ಪೊಲೀಸ್ರು ಹಿಡಕೊಂಡು ಹೋಗ್ಯಾರ. ಆಕಿ ಇರಿವಿನೂ ಹೊಸಕಿದಾಕಿ ಅಲ್ರಿ."

ಕಿವಿಗೆ ಬಟ್ಟೆ ಸುತ್ತಿಕೊಂಡ ಬಾಣಂತಿ ನಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಎದೆಗೆ ಅವಚಿಕೊಂಡ ಕೂಸು ನಿದ್ದೆ ಹೋಗಿತ್ತು. ಕುರ್ಡಿಯಿಂದ ರಾಯಚೂರಿನವರೆಗೆ ಆ ಎಲುಬು ಕುಲುಕುವ ಬಸ್ಸಿನಲ್ಲಿ ಬಂದಿದ್ದಳು. ಬೈಯಬೇಕೆಂದು ಬಾಯಿ ತೆರೆದವಳು ಮುಖ ಗುರುತು ಹಿಡಿದು ಸುಮ್ಮನಾದೆ. ಸೂಗಮ್ಮ, ಒಂದು ವರ್ಷ ನನ್ನ ಬಳಿ ಕನ್ನಡ ಓದಿ ಮದುವೆಯಾಗಿ ಹೋದ ಹುಡುಗಿ.

ಅದು ಎಂಬತ್ತೊಂದರ ಚಳಿಗಾಲ. ನಾನು ಕಾಲೇಜಿನಲ್ಲಿ ಕನ್ನಡ ಹೇಳುತ್ತಿದ್ದೆ, ಶಹಜಾದಿ ಬೇಗಂ ಪ್ರಾಣಿಶಾಸ್ತ್ರ ಹೇಳುತ್ತಿದ್ದಳು. ರಾಯಚೂರಿನ ಬೇರೂನ್ ಕಿಲ್ಲಾ ಓಣಿಯಲ್ಲಿ ಇಬ್ಬರಿಗೂ ಸೇರಿ ಒಂದು ಬಾಡಿಗೆ ಮನೆ, ಎರಡು ಒಲೆ, ಮುಗಿಯದ ಜಗಳ. ಯಾರ ಮನೆಯಲ್ಲಿ ಏನು ಕಳೆದರೂ, ಯಾರು ಕಾಣೆಯಾದರೂ ಜನ ಬೇಗಂಳನ್ನು ಹುಡುಕಿಕೊಂಡು ಬರುತ್ತಿದ್ದರು. ಬಂದವರಿಗೆಲ್ಲ ಚಹಾ ಮಾಡುವ ಕರ್ಮ ಮಾತ್ರ ನನ್ನದು. ಈಗ ಅವಳಿಲ್ಲ.

"ಕೂಡವ್ವಾ. ಅವತ್ತ ಮನ್ಯಾಗ ಆಗಿದ್ದೆಲ್ಲಾ ಹೇಳು. ಸಣ್ಣದು, ದೊಡ್ಡದು, ಎಲ್ಲಾ," ಎಂದಳು ಬೇಗಂ.

ಸೂಗಮ್ಮನ ಗಂಡ ಸುಂಕಪ್ಪ. ಅವನ ಅಣ್ಣ ಯಂಕೋಬ ಹೆಂಡತಿ ಸತ್ತವನು, ಮಕ್ಕಳಿಲ್ಲ. ಕಾಲುವೆ ನೀರಿನ ಹೊಲವೆಲ್ಲ ಅವನ ಹೆಸರಿನಲ್ಲಿತ್ತು. ದೇವದುರ್ಗದಲ್ಲಿ ಒಂದು ಹೆಣ್ಣು ನೋಡಿ ಮತ್ತೆ ಮದುವೆ ನಿಶ್ಚಯ ಮಾಡಿಕೊಂಡಿದ್ದ. ಬಾಣಂತನಕ್ಕೆಂದು ಸೂಗಮ್ಮನ ತಾಯಿ ಯಮನಮ್ಮ ಜಾಲಹಳ್ಳಿಯಿಂದ ಬಂದಿದ್ದಳು.

"ಸಂಜಿಗೆ ಅವ್ವ ಭಾವನವರಿಗೆ ಶುಂಠಿ ಕಷಾಯ ಕುದಿಸಿ ಒಳಗಿನ ಕೋಣ್ಯಾಗ ಮುಚ್ಚಿಟ್ಟಳ್ರಿ. ನಮ್ಮ ಮನಿಯವರು ಹೊಲದಿಂದ ಬಂದು ಆ ಕೋಣಿಗೆ ಹೋಗಿ ಬಂದ್ರು. ಚಹಾ ಕೊಟ್ಟೆ. ಒಲಿ ಮ್ಯಾಲಿಂದ ಆಗ ಇಳಿಸಿದ್ದು, ಹೊಗಿ ಆಡಾಕತ್ತಿತ್ತು. ಗಟಗಟ ಕುಡದು, 'ಆರಿದ ಚಹಾ ಕೊಡ್ತೀಯೇನ' ಅಂತ ನನ್ನ ಬೈದ್ರು. ಆಮ್ಯಾಲ ಭಾವನವರು ಕಷಾಯ ಕುಡದ್ರು. ಕುಡದ ಸ್ವಲ್ಪ ಹೊತ್ತಿಗೆ, 'ತುಟಿ ಜುಮುಜುಮು ಅಂತಾವ, ನಾಲಿಗಿ ಮ್ಯಾಲ ಇರಿವಿ ಹರದಾಡಿದಂಗ ಆಗ್ತದ' ಅಂದ್ರು. ವಾಂತಿ ಆತು. ಎದಿ ಹೆಂಗೆಂಗೋ ಬಡಿಯಾಕತ್ತಿತು. ಬೆಳಗಾಗೂದ್ರಾಗ ಹೋದ್ರು."

"ನಿಮ್ಮವ್ವನ್ನ ಯಾಕ ಹಿಡದ್ರು?"

"ಆ ಕೋಣ್ಯಾಗ ಬೇರಿನ ಡಬ್ಬಿ ಸಿಕ್ಕಿತ್ರಿ. ಫೌಜದಾರ್ರು 'ಇದೇನು' ಅಂತ ಕೇಳಿದ್ರು. ಅವ್ವ, 'ಅತಿವಿಷ ರೀ ಯಪ್ಪಾ, ನಾನೇ ತಂದೀನಿ' ಅಂದಳು."

"ಅಯ್ಯಯ್ಯೋ! ತಾನೇ ಒಪ್ಪಿಕೊಂಡಳಲ್ಲ!" ಎಂದು ಕೂಗಿದೆ.

ಬೇಗಂ ನನ್ನನ್ನು ದುರುಗುಟ್ಟಿ ನೋಡಿದಳು. "ಅರೇ ಪಾರು, ಚುಪ್ ಕೂಡ. ಆ ಫೌಜದಾರಗೂ ನಿನ್ನಂಗ ಕನ್ನಡ ಹೆಚ್ಚಾಗಿರಬೇಕು. ಅತಿವಿಷ ಅಂದ್ರ ಹೊಟ್ಟಿನೋವಿಗೆ ಕೂಸಿಗೆ ತೇಯ್ದು ಹಾಕೋ ಬೇರು. ಹೆಸರಿನ್ಯಾಗ ಬಿಟ್ರ ಅದರಾಗ ವಿಷ ಇಲ್ಲ."

ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದವಳು ನಾನು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಮರುದಿನ ರಜೆ ಹಾಕಿ ಮೂವರೂ ಹೊರಟೆವು. ದಾರಿಯಲ್ಲಿ ಮಾನ್ವಿಯಲ್ಲಿಳಿದು ಗಿಡಮೂಲಿಕೆ ಮಾರುವ ವಲಿ ಪಾಷಾನ ಅಂಗಡಿಗೆ ಹೋದೆವು. ಯಂಕೋಬ ಮೊಣಕಾಲಿಗೆ ಹಚ್ಚುವ ಎಣ್ಣೆಗೆಂದು ಅಲ್ಲಿಂದ ಬಚನಾಗ್ ಎಂಬ ವಿಷದ ಬೇರು ಒಯ್ಯುತ್ತಿದ್ದನಂತೆ. "ಹಚ್ಚಾಕ ಮಾತ್ರ, ಬಾಯಿಗೆ ಮುಟ್ಟಿಸಬ್ಯಾಡ್ರಿ ಅಂತ ಪ್ರತಿ ಸಲ ಹೇಳ್ತಿದ್ದೆ ಆಪಾ," ಎಂದ ಪಾಷಾ.

ಕುರ್ಡಿಯ ಮನೆಯಲ್ಲಿ ಸುಂಕಪ್ಪ, "ಬರ್ರಿ ಮೇಡಂ, ಕೂಡ್ರಿ" ಎಂದು ಕಂಬಳಿ ಹಾಸಿದ. ಅವನ ಕೆಳತುಟಿಯ ಉದ್ದಕ್ಕೂ ಬೊಬ್ಬೆ ಒಡೆದು ಸಿಪ್ಪೆ ಎದ್ದಿತ್ತು.

"ತುಟಿಗೆ ಏನಾತಪ್ಪಾ?" ಎಂದೆ.

"ಎಲಿಅಡಿಕಿಗೆ ಸುಣ್ಣ ಹೆಚ್ಚಾತ್ರಿ."

ಫೌಜದಾರರೂ ಬಂದರು. ಮೈಸೂರು ಕಡೆಯಿಂದ ಆಗಷ್ಟೇ ವರ್ಗವಾಗಿ ಬಂದವರು. ಡಬ್ಬಿಯನ್ನು ನಮ್ಮ ಮುಂದಿಟ್ಟು, "ಮನೆಯಲ್ಲಿದ್ದ ಬೇರುಗಳೆಲ್ಲ ಇದರಲ್ಲೇ ಇದ್ದವು ತಾಯಿ" ಎಂದರು. ಬೇಗಂ ಒಂದೊಂದೇ ಬೇರನ್ನು ತಿರುಗಿಸಿ ನೋಡಿದಳು. ಕೆಲವುಗಳ ತುದಿ ಕಲ್ಲಿನ ಮೇಲೆ ತೇಯ್ದು ನುಣುಪಾಗಿತ್ತು. ಒಂದನ್ನು ಮಾತ್ರ ಚಾಕುವಿನಿಂದ ಹೊಸದಾಗಿ ಹೆರೆದಿದ್ದರು. ಅದರ ತುದಿಯನ್ನು ಯಾರೋ ಕಚ್ಚಿದ್ದರು.

ಬೇಗಂ ಸೂಗಮ್ಮನನ್ನು ಹಿತ್ತಲಿಗೆ ಕರೆದಳು. ನಾನೂ ಹಿಂದೆಯೇ ಹೋದೆ.

"ನಾ ಬಾಯಿ ತೆರದ್ರ ನಿಮ್ಮವ್ವ ಹೊರಗ ಬರ್ತಾಳ. ಆದ್ರ ನಿನ್ನ ಮನಿ ಮುರೀತದ. ಹೇಳ್ಲೇನು?"

ಸೂಗಮ್ಮ ಕೂಸಿನ ತಲೆಯ ಮೇಲೆ ಸೆರಗು ಎಳೆದಳು. ಆಮೇಲೆ, "ನಮ್ಮವ್ವ ಹೊರಗ ಬರಬೇಕ್ರೀ" ಎಂದಳು.

ಪಡಸಾಲೆಯಲ್ಲಿ ಎಲ್ಲರೂ ಕೂತರು. ಬೇಗಂ ನುಣುಪು ತುದಿಯ ಬೇರೊಂದನ್ನು ಎತ್ತಿಕೊಂಡು, ಯಾರೂ ಹೂಂ ಅನ್ನುವ ಮೊದಲೇ ಕಡಿದು ಅಗಿಯತೊಡಗಿದಳು.

"ಉಗಳೇ ಹುಚ್ಚಿ!" ಎಂದು ನಾನು ಅವಳ ಕೈಗೆ ಬಡಿದೆ.

"ಕಹಿ ಅದ. ಮತ್ತೇನಿಲ್ಲ," ಎಂದಳು ನುಂಗಿ. "ಸಾಹೇಬ್ರ, ಇದೇ ಯಮನಮ್ಮನ ಅತಿವಿಷ. ತೇಯೋ ಕಲ್ಲಿನ ಗುರುತು ನೋಡ್ರಿ. ಅವತ್ತೂ ಕೂಸಿಗೆ ಇದನ್ನ ಹಾಕ್ಯಾಳ, ಕೂಸು ಗುಂಡುಕಲ್ಲಿನಂಗ ಅದ. ಯಂಕೋಬನ್ನ ಕೊಂದಿದ್ದು ಹೆರೆದ ಬೇರು, ಬಚನಾಗ್."

"ಮುದುಕಿ ಅದನ್ನೇ ತಪ್ಪಿ ಹಾಕಿರಬಹುದಲ್ಲ?" ಎಂದರು ಫೌಜದಾರರು.

"ಶುಂಠಿ ಕಷಾಯಕ್ಕ ಆಕಿ ಬೇರು ಯಾಕ ಹೆರೀತಾಳ? ದಿನಾ ತೇಯೋ ಬೇರಿನ ಗುರುತು ಸಿಗಲಿಲ್ಲಂತ ಯಾಕ ಕಚ್ತಾಳ? ಕಚ್ಚಿದಾಂವಗ ಯಾವುದು ಯಾವುದಂತ ಗೊತ್ತಿದ್ದಿಲ್ಲ. ನಾಲಿಗಿಗೆ ಹಚ್ಚಿ ನೋಡ್ಯಾನ."

ಬೇಗಂ ಅಂಗೈ ಬಿಡಿಸಿದಳು. ಪ್ರಯೋಗಾಲಯದಲ್ಲಿ ಕಪ್ಪೆಯ ಕಾಲಿಗೆ ಉಪ್ಪು ತಾಗಿಸಿ ಹುಡುಗಿಯರನ್ನು ಕಿರುಚಿಸುತ್ತಿದ್ದಾಗಿನ ಅದೇ ದನಿ, ಅದೇ ಹುರುಪು. ಅವಳ ಆ ಪಾಠಗಳನ್ನು ನಾನು ಕಿಟಕಿಯಾಚೆ ನಿಂತು ಎಷ್ಟು ಸಲ ಕೇಳಿದ್ದೇನೋ.

"ನಮ್ಮ ನರದ ಮೈತುಂಬ ಕಣ್ಣಿಗೆ ಕಾಣದ ಬಾಗಲಾ ಅದಾವ. ಬಿಸಿ ತಾಗಿತು ಅಂದ್ರ ನರದಾಗ ವಿದ್ಯುತ್ತು ಏರ್ತದ, ಬಾಗಲಾ ತೆರೀತದ, ಹೊರಗಿನ ಸೋಡಿಯಂ ಒಳಗ ನುಗ್ತದ. ಆ ನುಗ್ಗಿಗೆ ಮುಂದಿನ ಬಾಗಲಾ ತೆರೀತದ. ಹಂಗ ಸುದ್ದಿ ಮೆದುಳಿನ ತನಕ ಓಡ್ತದ. ಆದ್ರ ತೆರದ ಬಾಗಲಾ ಕೂಡಲೇ ಮುಚ್ಚಿಕೊಳ್ಳಬೇಕು. ಮುಚ್ಚಿದ್ರನ ಮುಂದಿನ ಸುದ್ದಿಗೆ ದಾರಿ. ಬಚನಾಗ್ ಬಾಗಲದಾಗ ಅಡ್ಡ ಕೂತು ಮುಚ್ಚಾಕ ಬಿಡೂದಿಲ್ಲ. ಮೊದಲು ನರ ಸುಳ್ಳು ಸುದ್ದಿ ಕಳಿಸ್ತದ, ಜುಮುಜುಮು ಅಂತದ. ಆಮ್ಯಾಲ ಯಾವ ಸುದ್ದಿನೂ ಒಯ್ಯಾಕ ಆಗೂದಿಲ್ಲ, ಮರಗಟ್ಟತದ. ಎದ್ಯಾಗೂ ಇಂಥವೇ ಬಾಗಲಾ ಅದಾವ. ಯಂಕೋಬನ ಎದಿ ತಾಳ ತಪ್ಪಿ ನಿಂತದ್ದು ಅದಕ್ಕ."

ಸುಂಕಪ್ಪ ತುಟಿಗೆ ಟವೆಲ್ ಅಡ್ಡ ಹಿಡಿದ.

"ಕೊಂದಾಂವ ಬೇರಿನ ಚೂರು ಕಚ್ಚಿ ಉಗುಳ್ಯಾನ. ಸಾಯಾಕ ಅಷ್ಟು ಸಾಲೂದಿಲ್ಲ, ಆದ್ರ ತುಟಿ, ನಾಲಿಗಿ ಸತ್ತಾವ. ಆಮ್ಯಾಲ ಯಾರೋ ಅವನ ಕೈಗೆ ಹೊಗಿ ಆಡೋ ಚಹಾ ಕೊಟ್ಟಾರ. ಆರಿ ಹೋಗ್ಯದ ಅಂತ ಬೈದಾನ. ಸುಟ್ಟ ತುಟಿಗೆ ಸುಟ್ಟದ್ದು ಗೊತ್ತಾಗಿಲ್ಲ. ಸುಣ್ಣ ತಾಗಿದ್ರ ಹಿಂಗ ಉದ್ದಕ್ಕ, ಲೋಟದ ಅಂಚಿನಂಗ ಬೊಬ್ಬಿ ಏಳೂದಿಲ್ಲ ಸುಂಕಪ್ಪ. ಆಗಿನ್ನೂ ನಿಮ್ಮಣ್ಣ ಕಷಾಯ ಮುಟ್ಟಿದ್ದಿಲ್ಲ. ನಿನ್ನ ಬಾಯಿಗೆ ಆ ವಿಷ ಮೊದಲ ಹೆಂಗ ಬಂತು?"

ಸುಂಕಪ್ಪ ಹೆಂಡತಿಯ ಕಡೆ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ.

"ದೇವದುರ್ಗದಾಕಿ ಬಂದು ಮಕ್ಕಳಾದ್ರ ನಮಗ ಹೊಲ ಎಲ್ಲಿಂದ ರೀ?" ಎಂದು ಮೊಣಕಾಲಿನ ಮೇಲೆ ತಲೆಯಿಟ್ಟು ಅತ್ತ. "ಅತ್ತಿ ಮ್ಯಾಲ ಬರ್ತದಂತ ನನಗ ಗೊತ್ತಿದ್ದಿಲ್ಲ." ಗೊತ್ತಾದ ಮೇಲೂ ಸುಮ್ಮನಿದ್ದನಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಫೌಜದಾರರು ಅವನನ್ನು ಜೀಪಿಗೆ ಹತ್ತಿಸಿಕೊಂಡರು. ಮಧ್ಯಾಹ್ನ ನಾವು ಠಾಣೆಯ ಬೇವಿನ ಮರದ ಕೆಳಗೆ ಕಾದು ನಿಂತೆವು. ಯಮನಮ್ಮ ಹೊರಬಂದಳು. ಸಣ್ಣಗಿನ ಮುದುಕಿ, ಕೂದಲು ಕೆದರಿತ್ತು. ಮೊದಲು ಮೊಮ್ಮಗನ ಕೆನ್ನೆ ಮುಟ್ಟಿದಳು. ಆಮೇಲೆ ನಮ್ಮ ಹಿಂದೆ ಮುಂದೆ ಹುಡುಕಿದಳು.

"ಅಳಿಯಾ ಎಲ್ಲೆವ್ವಾ? ಹಸೀ ಬಾಣಂತಿ, ಒಬ್ಬಾಕಿನ ಯಾಕ ಬಂದಿ?"

ಬೇಗಂ ನೆಲ ನೋಡಿದಳು.

ಸೂಗಮ್ಮನೇ ಹೇಳಿದಳು. "ನೀ ಹೊರಗ ಬರಬೇಕಂದ್ರ ಅವರು ಒಳಗ ಹೋಗಬೇಕಾತು ಬೇ."

ಮುದುಕಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಗಳ ಕೊರಳಿನ ತಾಳಿ ನೋಡಿದಳು, ಕೂಸನ್ನು ನೋಡಿದಳು. ತಟ್ಟನೆ ತಿರುಗಿ ಠಾಣೆಯ ಮೆಟ್ಟಿಲ ಕಡೆ ನಡೆದುಬಿಟ್ಟಳು.

"ಸಾಹೇಬ್ರ! ನಾನ ಹಾಕೀನ್ರಿ! ನಾನ ಅಂತ ಬರಕೊಳ್ರಿ!"

ಸೂಗಮ್ಮ ಓಡಿಹೋಗಿ ಅವಳ ಸೆರಗು ಹಿಡಿದೆಳೆದಳು.

"ಬಾ ಬೇ," ಎಂದಳು, "ಮನಿಗೆ ಹೋಗೂಣು. ಕೂಸಿಗೆ ಹಸಿವಾಗ್ಯದ."