ಒಂಟಿ ಮೂತ್ರಪಿಂಡದ ಇಲಿಗಳು

ಬೆಳಗ್ಗೆ ಪ್ರಯೋಗಾಲಯದ ಬಾಗಿಲು ತೆಗೆದರೆ ನೆಲವೆಲ್ಲ ನೀರು. ಫ್ರೀಜರಿನ ಪ್ಲಗ್ ಯಾರೋ ಕಿತ್ತಿದ್ದರು. ಒಳಗಿದ್ದ ನಲವತ್ತು ಇಲಿಗಳ ರಕ್ತದ ಮಾದರಿ ಕರಗಿ ಹಾಳಾಗಿತ್ತು.

ಒಂದು ಮೂತ್ರಪಿಂಡ ತೆಗೆದರೆ ಪ್ರಾಣಿಯ ಹಾರ್ಮೋನುಗಳಲ್ಲಿ ಏನು ಏರುಪೇರಾಗುತ್ತದೆ? ಯುವ ಸಂಶೋಧಕನೊಬ್ಬನ ಎರಡು ವರ್ಷದ ಕೆಲಸ ಅದು. ಇಪ್ಪತ್ತು ಇಲಿಗಳಿಗೆ ಒಂದೇ ಮೂತ್ರಪಿಂಡ, ಇಪ್ಪತ್ತಕ್ಕೆ ಎರಡೂ. ಮರುದಿನ ಹೊರಗಿನ ತಜ್ಞರು ಬಂದು ಅದೇ ರಕ್ತವನ್ನು ಮತ್ತೆ ಪರೀಕ್ಷಿಸುವವರಿದ್ದರು.

ವಿಚಾರಣೆ ಸಂಸ್ಥೆಯ ಪಶುವೈದ್ಯೆಯ ಹೆಗಲಿಗೆ ಬಿತ್ತು. ಎಲ್ಲರ ಬೆರಳೂ ಇಲಿಮನೆ ನೋಡಿಕೊಳ್ಳುವ ತಾತನ ಕಡೆಗೆ. ಬೀಗದ ಕೈ ಅವರಲ್ಲೂ ಇತ್ತು. ಹಿಂದಿನ ವಾರ ಅವರು ಸಂಶೋಧಕನೊಡನೆ ಜಗಳ ಆಡಿದ್ದರು. ಐದು ನಿಮಿಷಕ್ಕೆ ಮುಗಿಯೋದು ಎಂಥ ಆಪರೇಷನ್ನು ಎಂದು ಎಲ್ಲರೆದುರೇ ಕೇಳಿದ್ದರು. ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡಿ ಎಂದಳು ವೈದ್ಯೆ. ತಾತ ಚೀಲ ಎತ್ತಿಕೊಂಡು ಹೋದರು.

* * *

ಮಧ್ಯಾಹ್ನ ಅವಳ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಅದೇ ಫ್ರೀಜರಿನಲ್ಲಿದ್ದ ಬೇರೆಯವರ ಡಬ್ಬಿಗಳು ಪಕ್ಕದ ಕೋಣೆಯ ಫ್ರೀಜರಿಗೆ ಬಂದಿದ್ದವು. ಚೀಟಿ ನೋಡಿ, ಸಾಲಾಗಿ ಜೋಡಿಸಿದ್ದರು. ಆ ಕೋಣೆಯ ಬೀಗದ ಕೈ ಸಂಶೋಧಕರಲ್ಲಿ ಮಾತ್ರ ಇತ್ತು.

ತಾತನಲ್ಲ. ಬೇರೆಯವರ ಕೆಲಸ ಕೆಡದಿರಲಿ ಎಂದು ಎಚ್ಚರ ವಹಿಸಿದ ಯಾರೋ.

ಐದು ನಿಮಿಷದ ಮಾತು ಆಗ ಅವಳ ತಲೆಗೆ ಹೊಕ್ಕಿತು. ‘ಒಂಟಿ’ ಎಂದು ಬರೆದಿದ್ದ ಬೋನಿನಿಂದ ಒಂದು ಇಲಿಯನ್ನು ತೆಗೆದಳು. ಹೊಟ್ಟೆಯ ಪಕ್ಕ ಹೊಲಿಗೆಯ ಗುರುತು ಇತ್ತು. ಸ್ಕ್ಯಾನ್ ಮಾಡಿದಳು. ಎಡಗಡೆ ಒಂದು ಮೂತ್ರಪಿಂಡ. ಬಲಗಡೆಯೂ ಒಂದು. ಮುಂದಿನ ಇಲಿಯಲ್ಲೂ ಎರಡು. ಅದರ ಮುಂದಿನದರಲ್ಲೂ.

* * *

ಮುಖ್ಯಸ್ಥರ ಕೋಣೆಯಲ್ಲಿ ಸಂಶೋಧಕ ತಲೆತಗ್ಗಿಸಿ ಕೂತಿದ್ದ. ವೈದ್ಯೆ ಬಿಡಿಸಿ ಹೇಳಿದಳು. ನೀನು ಚರ್ಮ ಮಾತ್ರ ಕೊಯ್ದು ಹೊಲಿದೆ. ಹಾರ್ಮೋನಿನ ಅಂಕಿಗಳನ್ನು ಮನಸ್ಸಿಗೆ ಬಂದಂತೆ ಬರೆದೆ. ಮರುಪರೀಕ್ಷೆ ಆಗಿದ್ದರೆ ಎರಡು ಗುಂಪಿನ ರಕ್ತವೂ ಒಂದೇ ಥರ ಇದೆ ಎಂದು ಗೊತ್ತಾಗಿಬಿಡುತ್ತಿತ್ತು. ಅದಕ್ಕೇ ಪ್ಲಗ್ ಕಿತ್ತೆ.

“ಮೊದಲ ಮೂರು ಇಲಿ ಮೇಜಿನ ಮೇಲೇ ಸತ್ತವು, ಮೇಡಂ,” ಎಂದ ಅವನು. “ಅವನ್ನ ಮುಚ್ಚಿಟ್ಟು ಬೇರೆ ಮೂರು ತಂದೆ, ಆದ್ರೆ ಮತ್ತೆ ಹೊಟ್ಟೆ ಕೊಯ್ಯೋಕೆ ಹೆದರಿಕೆ ಆಯ್ತು. ಯಾರಿಗೂ ಹೇಳೋ ಧೈರ್ಯ ಬರಲಿಲ್ಲ.”

ತಲೆ ಎತ್ತಿ ಮೆಲ್ಲಗೆ ಕೇಳಿದ. “ಪ್ರತಿ ಆಪರೇಷನ್ನಿಗೂ ನೀವು ಪಕ್ಕದಲ್ಲಿರಬೇಕಿತ್ತು, ಅಲ್ವಾ?”

ಒಂದು ಸಲವೂ ಅವಳು ಹೋಗಿರಲಿಲ್ಲ. ಎದುರಿದ್ದು ನೋಡಿದೆ ಎಂದು ಇಪ್ಪತ್ತು ಸಲ ಸಹಿ ಮಾತ್ರ ಹಾಕಿದ್ದಳು. ಅದನ್ನೆಲ್ಲ ವರದಿಯಲ್ಲಿ ಬರೆಯೋದು ಬೇಡ ಎಂದರು ಮುಖ್ಯಸ್ಥರು. ಅವಳು ಬರೆದಳು. ತಪ್ಪಿತಸ್ಥರು ಇಬ್ಬರು ಎಂದೇ ಬರೆದಳು.

* * *

ಸಂಜೆ ಅವಳು ತಾತನ ಮನೆಯ ಮೆಟ್ಟಿಲು ಹತ್ತಿದಳು. ಬಾಗಿಲಲ್ಲೇ ನಿಂತು ನಡೆದದ್ದೆಲ್ಲ ಹೇಳಿದಳು. ನಿಮ್ಮನ್ನು ಅನುಮಾನಿಸಿದ್ದು ತಪ್ಪಾಯಿತು ಎಂದಳು. ತಾತ ಎಲ್ಲ ಕೇಳಿಸಿಕೊಂಡರು.

“ಇವತ್ತು ಇಲಿಗಳಿಗೆ ನೀರಿಟ್ಟೋರು ಯಾರಮ್ಮಾ?”

ಮಧ್ಯಾಹ್ನ ಅವಳು ಮೂರು ಇಲಿಗಳನ್ನು ಕೈಯಾರೆ ಎತ್ತಿ ನೋಡಿದ್ದಳು. ನೀರಿನ ಬಾಟಲಿಯ ಕಡೆಗೆ ಕಣ್ಣೇ ಹೋಗಿರಲಿಲ್ಲ.

ತಾತ ಚಪ್ಪಲಿ ಮೆಟ್ಟಿಕೊಂಡು, ಅವಳನ್ನು ದಾಟಿ, ಸರಸರನೆ ಮೆಟ್ಟಿಲಿಳಿದರು.